ವೈರಿಂಗ್‌ಗೆ ಸುತ್ತುವ ಟೇಪು: ಎಲ್ಲಿಗೆ ಯಾವುದು, ಏಕೆ

ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಎಪಿಎಂಸಿ ಪ್ರಾಂಗಣದ ಹೊರಗೆ ಸಾಲುಗಟ್ಟಿ ನಿಲ್ಲುವ ಪಿಕಪ್ ಗಾಡಿಗಳಲ್ಲಿ ಯಾವುದಾದರೊಂದರ ಬಾನೆಟ್ ಎತ್ತಿಸಿ ನೋಡಿ. ನಾಲ್ಕೈದು ವರ್ಷ ಓಡಿದ ಗಾಡಿಯಾದರೆ, ಕಾರ್ಖಾನೆಯಲ್ಲಿ ಸುತ್ತಿದ ವೈರಿಂಗ್‌ನ ಮೇಲೆ ಅಲ್ಲಲ್ಲಿ ಹೊಳೆಯುವ ಕಪ್ಪು ಟೇಪಿನ ಗಂಟುಗಳು ಕಾಣುತ್ತವೆ. ಹಾರ್ನ್‌ಗೆ ಒಂದು, ಆಮೇಲೆ ಹಾಕಿಸಿದ ದೀಪಕ್ಕೆ ಒಂದು, ಇಲಿ ಕಡಿದ ಕಡೆ ಇನ್ನೊಂದು. ಕೆಲವು ಗಂಟುಗಳ ತುದಿ ಬಿಚ್ಚಿಕೊಂಡು ನೇತಾಡುತ್ತಿರುತ್ತದೆ. ಮುಟ್ಟಿದರೆ ಕೈಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ, ಸೀಮೆಎಣ್ಣೆ ಹಾಕಿ ತೊಳೆದರೂ ಬೇಗ ಹೋಗದು. ಗಾಡಿಯವರು ಎಲೆಕ್ಟ್ರಿಷಿಯನ್‌ನನ್ನು ಬೈಯುತ್ತಾರೆ. ಅವನು ಸುತ್ತಿದ್ದು ಸರಿಯಾಗಿಯೇ ಇದ್ದಿರಬಹುದು. ಆದರೆ ಮನೆಯ ಗೋಡೆಯೊಳಗಿನ ತಣ್ಣಗಿನ ಜಾಗಕ್ಕೆಂದು ಮಾಡಿದ ಟೇಪನ್ನು ಎಂಜಿನ್ನಿನ ಪಕ್ಕ ಸುತ್ತಿದರೆ ಯಾರ ಕೈಯಲ್ಲಿ ಸುತ್ತಿಸಿದರೂ ಅದರ ಗತಿ ಇಷ್ಟೇ.

ಒಂದು ಕಾರಿನೊಳಗಿನ ತಂತಿಗಳನ್ನೆಲ್ಲ ಬಿಡಿಸಿ ಉದ್ದಕ್ಕೆ ಹಾಸಿದರೆ ಒಂದು ಕಿಲೋಮೀಟರ್ ದಾಟುತ್ತದೆ. ಅವನ್ನು ಕಂತೆ ಕಟ್ಟಿ, ಬೇಕಾದಲ್ಲಿ ಕವಲೊಡೆಸಿ, ಪ್ರತಿ ಕವಲಿನ ತುದಿಗೂ ಒಂದಕ್ಕೊಂದು ಸಿಕ್ಕಿಸುವ ಕಪ್ಲರ್ ಕೂರಿಸಿದರೆ ಆಗುವುದೇ ಹಾರ್ನೆಸ್. ಗ್ಯಾರೇಜಿನವರ ಬಾಯಲ್ಲಿ ವೈರಿಂಗ್ ಕಿಟ್. ಬಾಗಿಲು ಬೆಸೆಯುವುದಕ್ಕೂ ಬಣ್ಣ ಹೊಡೆಯುವುದಕ್ಕೂ ರೋಬೋಟ್ ಬಂದಿರುವ ಈ ಕಾಲದಲ್ಲಿಯೂ ವೈರಿಂಗ್ ಕಿಟ್ ಬಹುಪಾಲು ಕೈಯಲ್ಲೇ ತಯಾರಾಗುತ್ತದೆ. ದೊಡ್ಡ ಹಲಗೆಯ ಮೇಲಿನ ಗೂಟಗಳ ನಡುವೆ ತಂತಿ ಹಾಯಿಸಿ, ಅಳತೆಗೆ ತಕ್ಕಂತೆ ಟೇಪು ಸುತ್ತುತ್ತಾ ಹೋಗುತ್ತಾರೆ. 2022ರ ಮಾರ್ಚ್‌ನಲ್ಲಿ ಯುದ್ಧದಿಂದ ಉಕ್ರೇನಿನ ಹಾರ್ನೆಸ್ ಕಾರ್ಖಾನೆಗಳು ನಿಂತಾಗ ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು ಕಂಪನಿಗಳು ಜರ್ಮನಿಯ ತಮ್ಮ ಕೆಲವು ಕಾರ್ಖಾನೆಗಳಲ್ಲಿ ಕೆಲಸ ನಿಲ್ಲಿಸಬೇಕಾಯಿತು. ಎಲ್ಲ ಬಿಡಿಭಾಗ ಇದ್ದೂ ತಂತಿಯ ಕಂತೆಯಿಲ್ಲದೆ ಕಾರು ಹೊರಬರಲಿಲ್ಲ.

ಈ ಕಂತೆಯಲ್ಲಿ ಟೇಪಿನ ಕೆಲಸವೇನು? ಕರೆಂಟ್ ಹೊರಬರದಂತೆ ತಡೆಯುವುದು ಎಂದು ಹೆಚ್ಚಿನವರು ಹೇಳುತ್ತಾರೆ. ಆ ಕೆಲಸವನ್ನು ಪ್ರತಿ ತಂತಿಯ ಸ್ವಂತ ಹೊದಿಕೆ ಆಗಲೇ ಮಾಡುತ್ತಿರುತ್ತದೆ. ಕಂತೆಯ ಮೇಲಿನ ಟೇಪು ತಂತಿಗಳನ್ನು ಒಟ್ಟಿಗೆ ಹಿಡಿಯಬೇಕು, ತಗಡಿನ ಅಂಚಿಗೆ ಉಜ್ಜಿದಾಗ ತಾನು ಸವೆದು ತಂತಿಯನ್ನು ಉಳಿಸಬೇಕು, ಡ್ಯಾಶ್‌ಬೋರ್ಡಿನ ಹಿಂದೆ ಕಂತೆ ಪ್ಲಾಸ್ಟಿಕ್ಕಿಗೆ ಬಡಿದು ಕಟಕಟ ಎನ್ನದಂತೆ ನೋಡಿಕೊಳ್ಳಬೇಕು. ಇದೆಲ್ಲವನ್ನೂ ಬಿಸಿ, ಎಣ್ಣೆ, ಕೆಸರುನೀರುಗಳ ನಡುವೆ ಹತ್ತು ಹದಿನೈದು ವರ್ಷ ಮಾಡಬೇಕು.

ಹಾಗಾಗಿ ಸುರುಳಿಯ ಮೇಲೆ ದೊಡ್ಡದಾಗಿ ಅಚ್ಚಾದ 600 ವೋಲ್ಟ್ ಎಂಬ ಅಂಕಿಯಿಂದ ನಮಗೆ ಏನೂ ತಿಳಿಯುವುದಿಲ್ಲ. ಕಾರಿನಲ್ಲಿ ಇರುವುದು 12 ವೋಲ್ಟ್, ಲಾರಿಯಲ್ಲಿ 24. ಅಷ್ಟು ವೋಲ್ಟೇಜನ್ನು ತಡೆಯಲು ಯಾವ ಟೇಪಾದರೂ ಸಾಕು. ಅಪಾಯ ಇರುವುದು ಆಂಪಿಯರ್‌ನಲ್ಲಿ. ಕಾರಿನ ಬ್ಯಾಟರಿ ಶಾರ್ಟ್ ಆದಾಗ ನೂರಾರು ಆಂಪಿಯರ್ ಹರಿಸಬಲ್ಲದು. ಫ್ಯೂಸ್ ಇರುವ ತಂತಿಯಾದರೆ ಫ್ಯೂಸ್ ಹೋಗುತ್ತದೆ, ಕಥೆ ಮುಗಿಯಿತು. ಬ್ಯಾಟರಿಯಿಂದ ಸ್ಟಾರ್ಟರ್‌ಗೆ ಹೋಗುವ ದಪ್ಪ ಕೇಬಲ್‌ಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಬ್ಯಾಟರಿಯಿಂದ ನೇರವಾಗಿ ಎಳೆದ ಹೆಚ್ಚುವರಿ ದೀಪದ ತಂತಿಗೂ ನಮ್ಮ ಕಡೆ ಎಷ್ಟೋ ಸಲ ಹಾಕಿರುವುದಿಲ್ಲ. ಅಂಥ ತಂತಿಯ ಹೊದಿಕೆ ಚಾಸಿಯ ಅಂಚಿಗೆ ಉಜ್ಜಿ ಸವೆದರೆ ಬೆಂಕಿಯೇ ಗತಿ. ಆದ್ದರಿಂದ ಟೇಪು ಕೊಳ್ಳುವಾಗ ಕೇಳಬೇಕಾದದ್ದು ಎಷ್ಟು ಬಿಸಿ ತಡೆಯುತ್ತದೆ, ಎಷ್ಟು ಉಜ್ಜಾಟ ತಡೆಯುತ್ತದೆ ಎಂಬುದನ್ನು.

ಎರಡಕ್ಕೂ ಸಿದ್ಧ ಅಳತೆಗೋಲು ಇದೆ. ಜರ್ಮನಿಯ ಕಾರು ತಯಾರಕರು ಸೇರಿ ರೂಪಿಸಿಕೊಂಡ ಎಲ್‌ವಿ 312 ಎಂಬ ಮಾನದಂಡ ಹಾರ್ನೆಸ್ ಟೇಪುಗಳನ್ನು ಬಿಸಿಯ ಲೆಕ್ಕದಲ್ಲಿ ಟಿ1ರಿಂದ ಟಿ5ರವರೆಗೆ ವಿಂಗಡಿಸುತ್ತದೆ: 85, 105, 125, 150, 175 ಡಿಗ್ರಿ ಸೆಲ್ಸಿಯಸ್. ಟೇಪನ್ನು ತಂತಿಗೆ ಸುತ್ತಿ ಆ ಬಿಸಿಯಲ್ಲಿ 3000 ಗಂಟೆ ಇಡುತ್ತಾರೆ. ಆಮೇಲೆ ಟೇಪನ್ನಷ್ಟೇ ಅಲ್ಲ, ಒಳಗಿನ ತಂತಿಯನ್ನೂ ಬಾಗಿಸಿ ಪರೀಕ್ಷಿಸುತ್ತಾರೆ. ಏಕೆಂದರೆ ಕೆಟ್ಟ ಅಂಟು ವರ್ಷಗಳ ಬಿಸಿಯಲ್ಲಿ ತಂತಿಯ ಹೊದಿಕೆಯೊಂದಿಗೇ ಬೆರೆತು ಅದನ್ನು ಬಿರುಕು ಬಿಡಿಸುತ್ತದೆ. ಟೇಪು ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ತಂತಿ ಸತ್ತಿರುತ್ತದೆ. ಉಜ್ಜಾಟಕ್ಕೆ ಬೇರೆ ದರ್ಜೆಗಳಿವೆ, ಎ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು, ಇ ಎಂದರೆ ಅತಿ ಹೆಚ್ಚು. ಸದ್ದು ತಗ್ಗಿಸುವ ಗುಣಕ್ಕೂ ಇಂಥದೇ ಅಕ್ಷರಗಳು. ಒಳ್ಳೆಯ ಕಂಪನಿಯ ಟೇಪಿನ ಮಾಹಿತಿ ಪತ್ರದಲ್ಲಿ ಇವೆಲ್ಲ ನಮೂದಾಗಿರುತ್ತವೆ. ಹಾರ್ನೆಸ್ ಟೇಪು ಎಂದು ಮಾರುತ್ತಿದ್ದರೂ ಬಿಸಿಯ ಅಂಕಿಯನ್ನೇ ಕೊಡದ ಸುರುಳಿಯನ್ನು ನಾನಂತೂ ಕೊಳ್ಳುವುದಿಲ್ಲ.

ಈಗ ಪಿವಿಸಿಯಿಂದ ಮಾಡಿದ ನಮ್ಮ ಹೊಳೆಯುವ ಕರಿ ಟೇಪಿಗೆ ಬರೋಣ. ಪಿವಿಸಿ ಸ್ವಭಾವತಃ ಗಡುಸು ಪ್ಲಾಸ್ಟಿಕ್. ನೀರಿನ ಪೈಪು ಅದೇ. ಅದನ್ನು ಮೆತ್ತಗಾಗಿಸಲು ಎಣ್ಣೆಯಂಥ ಮೃದುಕಾರಿಯನ್ನು ಸೇರಿಸುತ್ತಾರೆ. ಬಿಸಿ ಏರಿದಂತೆ ಆ ಎಣ್ಣೆ ಪ್ಲಾಸ್ಟಿಕ್ಕನ್ನು ಬಿಟ್ಟು ಅಂಟಿನೊಳಗೆ ಇಳಿಯುತ್ತದೆ. ರಬ್ಬರಿನ ಆ ಅಂಟು ಕರಗಿದ ಬೆಲ್ಲದಂತಾಗುತ್ತದೆ, ಎಣ್ಣೆ ಕಳೆದುಕೊಂಡ ಟೇಪು ಬಿರುಸಾಗಿ ಕುಗ್ಗುತ್ತದೆ. ಸುತ್ತುವಾಗ ಎಳೆದು ಸುತ್ತಿದ್ದರೆ ಅದು ಮೊದಲೇ ತನ್ನ ಹಳೆಯ ಉದ್ದಕ್ಕೆ ಮರಳಲು ಹವಣಿಸುತ್ತಿರುತ್ತದೆ. ಹಿಡಿದಿಡಬೇಕಾದ ಅಂಟು ಜಾರಿದೊಡನೆ ತುದಿ ಬಿಚ್ಚಿಕೊಳ್ಳುತ್ತದೆ. ಕರಿ ಟೇಪಿನ ಎಲ್ಲ ದೂರುಗಳ ಮೂಲವೂ ಇದೇ.

ಹಾಗೆಂದು ಪಿವಿಸಿಯೇ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ಕಾರ್ಖಾನೆಗಳೂ ಪಿವಿಸಿ ಟೇಪನ್ನು ಧಾರಾಳವಾಗಿ ಬಳಸುತ್ತವೆ. ಅದು ಅಗ್ಗ, ತೆಳು, ನೀರು ಕುಡಿಯುವುದಿಲ್ಲ, ಕ್ಲೋರಿನ್ ಇರುವುದರಿಂದ ಜ್ವಾಲೆ ತೆಗೆದರೆ ತಾನೇ ಆರುತ್ತದೆ. ಆದರೆ ಅವರು ಬಳಸುವುದು 105 ಡಿಗ್ರಿಯ ಕಾರಿನ ದರ್ಜೆ. ಎಲೆಕ್ಟ್ರಿಕಲ್ ಅಂಗಡಿಯ ಅಗ್ಗದ ಟೇಪು ಸಾಮಾನ್ಯವಾಗಿ 80 ಡಿಗ್ರಿಯ ಸುತ್ತಮುತ್ತಲಿನದು. ಎಂಜಿನ್ನಿನಲ್ಲಿ ಸುತ್ತುವ ನೀರೇ 90 ಡಿಗ್ರಿ ಇರುವಾಗ ಅಲ್ಲಿ ಅದಕ್ಕೆ ಜಾಗವಿಲ್ಲ. ಪಿವಿಸಿಯೇ ಬೇಕೆಂದರೆ 3ಎಂ ಕಂಪನಿಯ ಸೂಪರ್ 33+ ತರಹದ್ದು 105 ಡಿಗ್ರಿ ತಾಳುತ್ತದೆ, ದಪ್ಪವೂ 0.177 ಮಿಲಿಮೀಟರ್ ಇದೆ. ಹಲವು ಪಟ್ಟು ಬೆಲೆ ಏಕೆ ಕೊಡಬೇಕು ಎನ್ನುವವರು ಎರಡನ್ನೂ ಒಮ್ಮೆ ಎಳೆದು ನೋಡಲಿ.

ಹೊಸ ಕಾರುಗಳ ಒಳಗೆ ಕೈ ಹಾಕಿದವರಿಗೆ ಇನ್ನೊಂದು ಟೇಪು ಪರಿಚಯವಿರುತ್ತದೆ: ಹೊಳಪಿಲ್ಲದ, ಬಟ್ಟೆಯಂಥ ಕಪ್ಪು ಟೇಪು. ಇದರಲ್ಲಿ ಎರಡು ಜಾತಿ, ಎರಡನ್ನೂ ಅಂಗಡಿಯವರು ಕ್ಲಾತ್ ಟೇಪ್ ಎಂದೇ ಕೊಡುತ್ತಾರೆ, ಗೊಂದಲ ಆಗುವುದು ಇಲ್ಲಿಯೇ. ಮೊದಲನೆಯದು ಮೆತ್ತಗಿನ ಫ್ಲೀಸ್, ಪಾಲಿಯೆಸ್ಟರ್ ಎಳೆಗಳನ್ನು ನೇಯದೆ ಒತ್ತಿ ಮಾಡಿದ್ದು. ಬೆರಳಿಗೆ ಕಂಬಳಿಯ ನವಿರು ಸಿಗುತ್ತದೆ, ಕೈಯಲ್ಲೇ ಹರಿಯುತ್ತದೆ. ಟೆಸಾ ಕಂಪನಿಯ 51608 ಇದಕ್ಕೆ ಪ್ರಸಿದ್ಧ ಉದಾಹರಣೆ; 105 ಡಿಗ್ರಿವರೆಗೆ. ಇದರ ಮುಖ್ಯ ಗುಣ ಸದ್ದು ತಗ್ಗಿಸುವುದು. ಡ್ಯಾಶ್‌ಬೋರ್ಡ್, ಬಾಗಿಲು, ಸೀಟಿನ ಕೆಳಗೆ, ಅಂದರೆ ಗಾಡಿಯ ಒಳಗೆ ಎಲ್ಲೆಡೆ ಇದನ್ನು ಕಣ್ಣುಮುಚ್ಚಿ ಬಳಸಬಹುದು. ಬಾನೆಟ್ ಅಡಿಯಲ್ಲಿ ಬೇಡ. ನೀರು, ಎಣ್ಣೆಯನ್ನು ಹೀರಿಕೊಂಡು ಕೂರುತ್ತದೆ, ಉಜ್ಜಿದರೆ ಬೇಗ ಸವೆಯುತ್ತದೆ.

ಎರಡನೆಯದು ನೇಯ್ದ ಪಾಲಿಯೆಸ್ಟರ್ ಬಟ್ಟೆ. ಹತ್ತಿರದಿಂದ ನೋಡಿದರೆ ಹಾಸುಹೊಕ್ಕು ಕಾಣುತ್ತದೆ. ಅಂಟು ಅಕ್ರಿಲಿಕ್ ಜಾತಿಯದು, ಬಿಸಿಗೆ ಕರಗಿ ಹರಿಯುವುದಿಲ್ಲ. ಟೆಸಾ 51036 ಈ ಬಗೆಯದು, 150 ಡಿಗ್ರಿ ತಾಳುತ್ತದೆ, ಉಜ್ಜಾಟವನ್ನೂ ಚೆನ್ನಾಗಿ ತಡೆಯುತ್ತದೆ. ಕೊರೊಪ್ಲಾಸ್ಟ್ ಎಂಬ ಇನ್ನೊಂದು ಜರ್ಮನ್ ಕಂಪನಿಯೂ ಇಂಥವನ್ನು ಮಾಡುತ್ತದೆ. ಎಂಜಿನ್ ಪಕ್ಕದ ಕಂತೆಗೆ ಇದೇ ಸರಿ. ಬಾನೆಟ್ ಒಳಗೂ ಕ್ಯಾಬಿನ್ ಒಳಗೂ ಒಂದೇ ಸುರುಳಿಯಲ್ಲಿ ಮುಗಿಸಬೇಕು ಎನ್ನುವವರು ಇದನ್ನೇ ಕೊಳ್ಳಲಿ. ಒಳಗೆ ಸದ್ದು ಸ್ವಲ್ಪ ಹೆಚ್ಚಾದರೂ ಬೇರೇನೂ ಕೆಡುವುದಿಲ್ಲ. ಫ್ಲೀಸನ್ನು ಎಂಜಿನ್ನಿಗೆ ಹಾಕಿದರೆ ಕೆಡುತ್ತದೆ.

ಹಳಬರು ಬಳಸುತ್ತಿದ್ದ ರಬ್ಬರ್ ಮೆತ್ತಿದ ಹತ್ತಿ ಟೇಪು ಇನ್ನೂ ಕೆಲವು ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯ ಅಂಬಾಸಡರ್ ಅಥವಾ ಜೀಪನ್ನು ಮೂಲರೂಪಕ್ಕೆ ತರುವವರಿಗೆ ಚೆಂದ, ಉಳಿದವರಿಗೆ ಬೇಡ. ಪ್ಯಾಕಿಂಗ್ ಟೇಪು, ಆಸ್ಪತ್ರೆಯ ಟೇಪುಗಳ ಬಗ್ಗೆ ಬರೆಯಲೇಬಾರದೆಂದಿದ್ದೆ. ಆದರೆ ಬಾನೆಟ್ ಅಡಿಯಲ್ಲಿ ಅವನ್ನೂ ಕಂಡಿದ್ದೇನೆ.

ಸೈಲೆನ್ಸರಿನ ಪೈಪು, ಟರ್ಬೊ ಇರುವ ಬದಿಯ ಲೆಕ್ಕವೇ ಬೇರೆ. ಅಲ್ಲಿ ಲೋಹದ ಬಿಸಿ ನೂರಾರು ಡಿಗ್ರಿ, ಅಂಟಿರುವ ಯಾವ ಟೇಪೂ ಅದನ್ನು ತಡೆಯದು. ಮೊದಲು ಮಾಡಬೇಕಾದದ್ದು ತಂತಿಯನ್ನು ದೂರ ಸರಿಸಿ ಕ್ಲಿಪ್ ಹಾಕುವುದು. ಸರಿಸಲು ಆಗದಿದ್ದರೆ ಅಲ್ಯುಮಿನಿಯಂ ಲೇಪದ ಗ್ಲಾಸ್ ಫೈಬರ್ ಸ್ಲೀವ್ (ತಂತಿಗೆ ತೊಡಿಸುವ ಕೊಳವೆ). ಇದರ ಬದಲಿಗೆ ಅಲ್ಯುಮಿನಿಯಂ ಹಾಳೆಯ ಟೇಪನ್ನು ಸುತ್ತಿದ್ದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ: ಅದು ವಿದ್ಯುತ್ತನ್ನು ಹರಿಸುವ ಲೋಹ, ಬಿಚ್ಚಿದ ತುದಿ ಬ್ಯಾಟರಿಯ ಟರ್ಮಿನಲ್‌ಗೆ ತಾಗಿದರೆ ಮುಗಿಯಿತು.

ತನ್ನ ಮೇಲೆ ತಾನೇ ಬೆಸೆದುಕೊಳ್ಳುವ ಸಿಲಿಕೋನ್ ಟೇಪು ಈಗ ಆನ್‌ಲೈನಿನಲ್ಲಿ ಭಾರಿ ಪ್ರಚಾರದಲ್ಲಿದೆ. ಅಂಟೇ ಇಲ್ಲ, ಎಳೆದು ಸುತ್ತಿದರೆ ಪದರಗಳು ಕೂಡಿ ಒಂದೇ ರಬ್ಬರ್ ಕೊಳವೆಯಾಗುತ್ತದೆ. 260 ಡಿಗ್ರಿವರೆಗೆ ತಾಳುತ್ತದೆ, ನೀರನ್ನೂ ತಡೆಯುತ್ತದೆ. ಪ್ರಚಾರದಲ್ಲಿ ಹೇಳದ ಮಾತೆಂದರೆ ಚೂಪು ತಗಡು ಒಮ್ಮೆ ಗೀರಿದರೆ ಸೀಳು ಸರ್ರನೆ ಓಡುತ್ತದೆ, ಪೆಟ್ರೋಲ್ ತಾಗಿದರೆ ಉಬ್ಬುತ್ತದೆ. ಅಲುಗಾಡದ ಒಂದು ಜೋಡಣೆಯನ್ನು ನೀರಿನಿಂದ ಮುಚ್ಚಲು ಬಳಸಿ, ಮೇಲೆ ನೇಯ್ದ ಟೇಪಿನ ಕವಚ ಕೊಡಿ. ಇಡೀ ಕಂತೆಗೆ ಸುತ್ತಬೇಡಿ.

ಚಾಸಿಯ ಕೆಳಗೆ ಟೇಪನ್ನು ನಂಬಲೇಬಾರದು. ಚಿಕ್ಕಬಳ್ಳಾಪುರದ ಕ್ರಷರ್ ಕಡೆ ಓಡುವ ಗಾಡಿಗೆ ಜಲ್ಲಿ, ದೂಳು. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿಯುವ ಗಾಡಿಗೆ ಕೆಂಪು ಕೆಸರು. ಹಿಂದಿನ ದೀಪಗಳ ತಂತಿ ಹೋಗುವುದು ಇವೆರಡರ ನಡುವೆಯೇ. ಅಲ್ಲಿ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಫ್ಲೆಕ್ಸಿಬಲ್ ಪೈಪ್ ಬೇಕು. ಉದ್ದಕ್ಕೆ ಸೀಳಿದ ಪೈಪಾದರೆ ತಂತಿ ಬಿಚ್ಚದೆಯೇ ತೊಡಿಸಬಹುದು. ಸೀಳು ಕೆಳಮುಖವಾಗಿರಲಿ, ಒಳಗೆ ಬಂದ ನೀರು ಹರಿದುಹೋಗಲಿ. ಟೇಪಿನ ಕೆಲಸ ಪೈಪಿನ ತುದಿಗಳನ್ನು ಮತ್ತು ಗೇಣಿಗೊಂದು ಕಡೆ ಅದರ ಸೀಳನ್ನು ಹಿಡಿದಿಡುವುದಷ್ಟೇ.

ಇಲಿಯ ವಿಷಯ ಕೇಳದ ಕಾರಿನ ಮಾಲೀಕರು ನಮ್ಮ ಕಡೆ ಸಿಗಲಾರರು. ದನದ ಕೊಟ್ಟಿಗೆಯ ಪಕ್ಕ, ರಾಗಿ ಹುಲ್ಲಿನ ಬಣವೆಯ ನೆರಳಿನಲ್ಲಿ ಗಾಡಿ ನಿಲ್ಲಿಸಿದರೆ ಬೆಚ್ಚಗಿನ ಎಂಜಿನ್ನಿನ ಮೇಲೆ ಗೂಡು ಕಟ್ಟುತ್ತವೆ. ಈಗಿನ ತಂತಿಗಳಲ್ಲಿ ಸೋಯಾ ಇರುವುದರಿಂದ ಇಲಿ ಕಡಿಯುತ್ತದೆ ಎಂಬ ಮಾತು ಹಬ್ಬಿದೆ. ಹಳೆಯ ಗಾಡಿಗಳ ಪಿವಿಸಿ ತಂತಿಯನ್ನೂ ಅವು ಬಿಟ್ಟಿರಲಿಲ್ಲ. ಇಲಿಯ ಮುಂಬಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಸವೆಸಲು ಏನಾದರೂ ಕಡಿಯಲೇಬೇಕು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಸ್ಕೂಟರ್ ತಯಾರಿಸುವ ಅದೇ ಹೋಂಡಾ ಕಂಪನಿ ತನ್ನ ಕಾರುಗಳ ತಂತಿಗೆ ಸುತ್ತಲೆಂದು ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಬೆರೆಸಿದ ಟೇಪನ್ನು ಅಮೆರಿಕದಲ್ಲಿ ಮಾರುತ್ತದೆ. ಸುತ್ತಿದ ಕೈಯನ್ನು ಕಣ್ಣಿಗೆ ಒಯ್ದರೆ ಇಲಿಯ ಕಷ್ಟ ನಮಗೂ ತಿಳಿಯುತ್ತದೆ. ಅದು ಸಿಗದಿದ್ದರೆ ತಂತಿಯ ಬಣ್ಣ ಕಾಣುವ ಕಡೆಗಳನ್ನೆಲ್ಲ ಫ್ಲೆಕ್ಸಿಬಲ್ ಪೈಪ್‌ನಲ್ಲಿ ಮುಚ್ಚಿ, ಗಾಡಿ ನಿಲ್ಲಿಸುವ ಜಾಗ ಬದಲಿಸಿ. ಬಾನೆಟ್ಟಿನಲ್ಲಿ ಹೊಗೆಸೊಪ್ಪು ಕಟ್ಟುವ ರೂಢಿಯೂ ಇದೆ. ವಾಸನೆ ಹಾರುವವರೆಗೆ ಮಾತ್ರ ಅದರ ಆಟ.

ಇನ್ನು ರಿಪೇರಿ. ತುಂಡಾದ ತಂತಿಯ ಎರಡು ತುದಿಗಳನ್ನು ಹೊಸೆದು ಟೇಪು ಸುತ್ತುವುದು ರಿಪೇರಿಯಲ್ಲ. ಜೋಡಣೆಯ ಬಲ ಜೋಡಣೆಯಿಂದಲೇ ಬರಬೇಕು. ತಂತಿಯ ದಪ್ಪಕ್ಕೆ ಸರಿಯಾದ ಲೋಹದ ಸ್ಲೀವ್ ತೊಡಿಸಿ ಸರಿಯಾದ ಇಕ್ಕಳದಿಂದ ಒತ್ತಬೇಕು, ಮೇಲೆ ಒಳಭಾಗದಲ್ಲಿ ಅಂಟಿರುವ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಕೊಡಬೇಕು. ಕರಗಿದ ಅಂಟು ಎರಡು ತುದಿಯಲ್ಲೂ ಇಣುಕಿದರೆ ನೀರು ಒಳಹೋಗದು. ನೀರನ್ನು ತಡೆಯುವುದು ಎಷ್ಟು ಮುಖ್ಯವೆಂದರೆ, ಒಂದು ಹನಿ ಒಳಸೇರಿದರೂ ತಾಮ್ರದ ಎಳೆಗಳ ನಡುವೆ ಅದು ತಾನೇ ಹೀರಿಕೊಂಡು ಮುಂದೆ ಸಾಗುತ್ತದೆ. ಹೊದಿಕೆ ಸುಲಿದಾಗ ಒಳಗೆ ಹಸಿರು ಪುಡಿ ಕಾಣುವುದು ಅದರಿಂದಲೇ. ಬೆಸುಗೆ ಹಾಕುವುದರಲ್ಲೂ ತಪ್ಪಿಲ್ಲ, ಆದರೆ ಸೀಸ ಹರಿದಷ್ಟು ದೂರ ತಂತಿ ಸರಳಿನಂತೆ ಗಡುಸಾಗುತ್ತದೆ ಮತ್ತು ಎಂಜಿನ್ನಿನ ನಡುಕಕ್ಕೆ ಅದರ ಅಂಚಿನಲ್ಲೇ ತುಂಡಾಗುತ್ತದೆ. ಬೆಸುಗೆ ಹಾಕಿದರೆ ಎರಡೂ ಪಕ್ಕ ತಂತಿ ಅಲುಗದಂತೆ ಕಟ್ಟಿಡಬೇಕು. ಒಂದೇ ಕಡೆ ಐದಾರು ತಂತಿ ತುಂಡಾಗಿದ್ದರೆ ಜೋಡಣೆಗಳನ್ನು ಹಿಂದೆಮುಂದೆ ಮಾಡಿ. ಕಂತೆ ಉಬ್ಬುವುದಿಲ್ಲ, ಒಂದು ಜೋಡಣೆ ಇನ್ನೊಂದಕ್ಕೆ ತಾಗುವುದೂ ಇಲ್ಲ. ಟೇಪಿನ ಸರದಿ ಇಷ್ಟೆಲ್ಲ ಆದ ಮೇಲೆ.

ಒಂದಕ್ಕೊಂದು ಹೆಣೆದ ಜೋಡಿ ತಂತಿ ಸಿಕ್ಕರೆ ಹುಷಾರು. ಗಾಡಿಯ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಕ್ಯಾನ್ ಬಸ್ ಅದಾಗಿರಬಹುದು. ಬಾಷ್ ಕಂಪನಿ 1986ರಲ್ಲಿ ಹೊರತಂದ ಈ ವ್ಯವಸ್ಥೆ ಇಂದು ಬಹುತೇಕ ಎಲ್ಲ ಕಾರುಗಳಲ್ಲಿದೆ. ಹೊರಗಿನ ವಿದ್ಯುತ್ ಗದ್ದಲ ಎರಡೂ ತಂತಿಗೆ ಸಮನಾಗಿ ತಾಗಿ ರದ್ದಾಗಲಿ ಎಂದೇ ಅದನ್ನು ಹೆಣೆಯುವುದು. ಜೋಡಣೆ ಮಾಡಿದ ಮೇಲೆ ಹೆಣಿಗೆಯನ್ನು ಮೊದಲಿನಂತೆಯೇ ಕೂಡಿಸಿ, ಬಿಚ್ಚಿದ ಭಾಗ ಎರಡು ಮೂರು ಸೆಂಟಿಮೀಟರ್ ಮೀರದಿರಲಿ. ಇಲ್ಲದಿದ್ದರೆ ಮೀಟರಿನಲ್ಲಿ ಆಗೊಮ್ಮೆ ಈಗೊಮ್ಮೆ ದೀಪ ಬೆಳಗಿ ಆರುವ ಕಾಯಿಲೆ ಶುರುವಾಗುತ್ತದೆ, ಯಾವ ಟೇಪೂ ಅದಕ್ಕೆ ಮದ್ದಲ್ಲ. ಬಾಗಿಲಿನ ಕೀಲಿನ ಬಳಿಯ ರಬ್ಬರ್ ಕೊಳವೆಯೊಳಗೂ ಟೇಪು ಸುತ್ತಬಾರದು. ಅಲ್ಲಿ ತಂತಿಗಳು ಬಿಡಿಯಾಗಿದ್ದರೆ ಮಾತ್ರ ಬಾಗಿ ಬದುಕುತ್ತವೆ. ತುಂಡಾಗಿದ್ದರೆ ಮಡಚುವ ಜಾಗದುದ್ದಕ್ಕೂ ಹೊಸ ತಂತಿ ಹಾಕಿ, ಜೋಡಣೆ ಕೊಳವೆಯ ಆಚೀಚೆ ಬರಲಿ.

ಹಳದಿ ಕೊಳವೆ, ಹಳದಿ ಕಪ್ಲರ್ ಕಂಡರೆ ಹಲವು ಗಾಡಿಗಳಲ್ಲಿ ಅದು ಏರ್‌ಬ್ಯಾಗಿನ ವೈರಿಂಗ್. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಎಂದರೆ ಎಲೆಕ್ಟ್ರಿಕ್ ಗಾಡಿಯ ಹೈ ವೋಲ್ಟೇಜ್, ಪ್ರಾಣ ತೆಗೆಯುವಷ್ಟು. ಎರಡನ್ನೂ ಕಂಪನಿಯ ತರಬೇತಿ ಪಡೆದವರಿಗೆ ಬಿಡಿ. ತಂತಿಯ ಹೊದಿಕೆಯೇ ಬಿಸಿಗೆ ಉದುರುತ್ತಿದ್ದರೂ ಟೇಪು ಹಿಡಿಯಬೇಡಿ. 1990ರ ದಶಕದ ಮೊದಲರ್ಧದ ಕೆಲವು ಮರ್ಸಿಡಿಸ್ ಕಾರುಗಳ ಎಂಜಿನ್ ವೈರಿಂಗ್ ಹೀಗೆ ಪುಡಿಯಾಗುವುದಕ್ಕೇ ಹೆಸರಾಗಿತ್ತು. ಇಡೀ ಹಾರ್ನೆಸ್ ಬದಲಿಸುವುದೊಂದೇ ದಾರಿ.

ಸುತ್ತುವ ಕ್ರಮ ಕಷ್ಟದ್ದಲ್ಲ. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಪೆಟ್ರೋಲ್ ತಂತಿಯ ಹೊದಿಕೆಗೂ ಕೆಟ್ಟದ್ದು, ನಿಮಗೂ. ಮೇಲೆ ಕೆಳಗೆ ಹೋಗುವ ಕಂತೆಯಾದರೆ ಕೆಳಗಿನಿಂದ ಆರಂಭಿಸಿ. ಹೆಂಚು ಹೊದಿಸಿದಂತೆ ಮೇಲಿನ ಪದರ ಕೆಳಗಿನದರ ಮೇಲೆ ಬಂದರೆ ನೀರು ಜಾರುತ್ತದೆ. ಉಜ್ಜುವ ಕಡೆ ಪ್ರತಿ ಸುತ್ತೂ ಹಿಂದಿನದರ ಅರ್ಧ ಅಗಲವನ್ನು ಮುಚ್ಚಲಿ. ಉಳಿದೆಡೆ ಸಂದು ಬಿಟ್ಟು ಸುತ್ತಿದರೂ ನಡೆಯುತ್ತದೆ, ಕಾರ್ಖಾನೆಯವರೂ ಹಾಗೇ ಮಾಡುತ್ತಾರೆ, ಕಂತೆ ಬಾಗಲು ಸುಲಭ. ಪಿವಿಸಿಯನ್ನು ತುಸು ಎಳೆದು ಸುತ್ತಿ, ಆದರೆ ಕೊನೆಯ ಎರಡು ಸುತ್ತನ್ನು ಎಳೆಯದೆ ಹಾಗೆಯೇ ಮಲಗಿಸಿ. ತುದಿಯನ್ನು ಕತ್ತರಿಯಿಂದ ಕತ್ತರಿಸಿ, ಕೈಯಿಂದ ಎಳೆದು ಹರಿಯಬೇಡಿ. ಬಿಚ್ಚಿಕೊಳ್ಳುವ ಟೇಪುಗಳಲ್ಲಿ ಅರ್ಧ ಈ ಒಂದು ಅಭ್ಯಾಸದಿಂದಲೇ ನಿಲ್ಲುತ್ತವೆ.

ನೇಯ್ದ ಟೇಪು ನಮ್ಮೂರಿನ ಎಲ್ಲ ಬಿಡಿಭಾಗದ ಅಂಗಡಿಗಳಲ್ಲೂ ಇರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಇಲ್ಲವೇ ಆನ್‌ಲೈನಿನಲ್ಲಿ ತರಿಸಿ. 19 ಮಿಲಿಮೀಟರ್ ಅಗಲದ್ದು ಎಲ್ಲ ಕೆಲಸಕ್ಕೂ ಒದಗುತ್ತದೆ. ಹೆಸರಿಲ್ಲದ ಸುರುಳಿ ಕೈಗೆ ಬಂದರೆ ಬೇಡದ ಒಂದು ತಂತಿ ತುಂಡಿಗೆ ಸುತ್ತಿ, ಓಡುವ ಭಾಗಗಳಿಗೆ ಸಿಗದಂತೆ ಎಂಜಿನ್ ಪಕ್ಕ ಕಟ್ಟಿ, ಒಂದು ಬೇಸಿಗೆ ಓಡಿಸಿ ನೋಡಿ. ಪಾವಗಡದ ಕಡೆ ಓಡಾಡುವವರಿಗೆ ಉತ್ತರ ಇನ್ನೂ ಬೇಗ ಸಿಗುತ್ತದೆ. ಉಳಿದ ಸುರುಳಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಡಬೇಡಿ. ಬಳಸುವ ಮೊದಲೇ ಬದಿಗಳಲ್ಲಿ ಅಂಟು ಜಿನುಗಿ ದೂಳು ಹಿಡಿಯುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಸೀಟಿನ ಕೆಳಗಿಡಿ.